ಚಿಟ್ಟೆಗೆ ಪಟ್ಟ, ಬೋರರಿಗೆ ತೋಟ



ಈ ಸಲದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಜೂರಾಗಿ, ಗೊಬ್ಬರದ ದಾಸ್ತಾನಿನ ಮೇಲೆ ಆಗಬೇಕಾದ ಜಗಳವೂ ಆಗಿ, ಎಲ್ಲರೂ ಊಟದ ಕಡೆ ಮುಖ ಮಾಡಿದ್ದ ಹೊತ್ತಿನಲ್ಲಿ ಹಿಂದಿನ ಸಾಲಿನ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಸರ್ಕಾರದವರು ಯಾವುದೋ ಒಂದು ಚಿಟ್ಟೆಯನ್ನು ಹಿಡಿದು ರಾಜ್ಯ ಚಿಟ್ಟೆ ಎಂದು ಪಟ್ಟ ಕಟ್ಟಿದ್ದಾರೆ. ನಮ್ಮ ಅರೇಬಿಕಾ ಗಿಡಗಳನ್ನು ಒಳಗಿಂದೊಳಗೇ ತಿಂದು ಹಾಕುತ್ತಿರುವ ಬೋರರಿಗೆ ಏನು ಮಾಡಿದ್ದಾರೆ, ಅದನ್ನು ಹೇಳಿ. ಅದೂ ಹುಳ, ಇದೂ ಹುಳ." ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಏರಲಿಲ್ಲ.

ನಾನೂ ನಕ್ಕವರಲ್ಲಿ ಒಬ್ಬ. ಆದರೆ ಬಸ್ಸಿನಲ್ಲಿ ಮನೆಗೆ ಮರಳುವಾಗ ಆ ಮಾತು ಅಡಿಕೆ ಚೂರಿನಂತೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಅದೂ ಹುಳ, ಇದೂ ಹುಳ. ನಿಜವೇ. ಎರಡೂ ಕಾಡಿನಲ್ಲಿ ಹುಟ್ಟಿದವು. ಎರಡೂ ಮೊಟ್ಟೆಯಿಂದ ಹುಳವಾಗಿ, ಹುಳದಿಂದ ಕೋಶವಾಗಿ, ಕೋಶ ಒಡೆದು ರೆಕ್ಕೆ ಪಡೆಯುತ್ತವೆ. ಎರಡಕ್ಕೂ ಬಿಸಿಲೆಂದರೆ ಪ್ರೀತಿ. ಎರಡೂ ತಮ್ಮ ಮರಿಗೆ ಬೇಕಾದ ಗಿಡವನ್ನೇ ಹುಡುಕಿ ಮೊಟ್ಟೆ ಇಡುತ್ತವೆ. ಹಾಗಿದ್ದ ಮೇಲೆ ಒಂದು ನಾಡಿಗೆ ಅಲಂಕಾರ, ಇನ್ನೊಂದು ನಮಗೆ ಶನಿ ಆದದ್ದು ಹೇಗೆ? ನನ್ನ ಅಲ್ಪ ತಿಳಿವಳಿಕೆಗೆ ತೋಚಿದ ಉತ್ತರವನ್ನು ಇಲ್ಲಿ ಅರಿಕೆ ಮಾಡುತ್ತೇನೆ. ಅದರಲ್ಲಿ ಅರ್ಧ ಪಾಲು ನನ್ನದೇ ತಪ್ಪಿನ ಕಥೆಯಾದ್ದರಿಂದ ಇದು ಉಪದೇಶವೆಂದು ಯಾರೂ ಬೇಸರಿಸಬಾರದು.

ಮೊದಲು ಪಟ್ಟ ಕಟ್ಟಿಸಿಕೊಂಡವರ ವಿಚಾರ. ಇದರ ಹೆಸರು ಸದರ್ನ್ ಬರ್ಡ್‌ವಿಂಗ್. ಸಹ್ಯಾದ್ರಿ ಬರ್ಡ್‌ವಿಂಗ್ ಎಂದೂ ಕರೆಯುತ್ತಾರೆ. ಹಕ್ಕಿಯ ರೆಕ್ಕೆ ಎಂದು ಹೆಸರಿಟ್ಟವನು ಸುಳ್ಳು ಹೇಳಿಲ್ಲ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 14ರಿಂದ 19 ಸೆಂಟಿಮೀಟರ್. ಮುಂದಿನ ರೆಕ್ಕೆ ಕಪ್ಪು, ಹಿಂದಿನ ರೆಕ್ಕೆ ಅಪ್ಪಟ ಅರಿಶಿನದ ಬಣ್ಣ. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ಎಂಬವರು 190 ಮಿಲಿಮೀಟರ್ ಅಳತೆಯ ಒಂದು ಚಿಟ್ಟೆಯನ್ನು ದಾಖಲಿಸಿದ ಮೇಲೆ 88 ವರ್ಷ ಕಾಲ ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ಬಿರುದು ಇದಕ್ಕೇ ಇತ್ತು. 2020ರಲ್ಲಿ ಉತ್ತರಾಖಂಡದ ದೀದಿಹಾಟ್ ಕಡೆಯ ಗೋಲ್ಡನ್ ಬರ್ಡ್‌ವಿಂಗ್ ಜಾತಿಯ ಹೆಣ್ಣೊಂದು 194 ಮಿಲಿಮೀಟರ್ ತೂಗಿ, ಕೇವಲ ನಾಲ್ಕು ಮಿಲಿಮೀಟರಿನಲ್ಲಿ ಆ ಬಿರುದನ್ನು ಹಿಮಾಲಯಕ್ಕೆ ಒಯ್ದಿತು. ಸಂಘದ ಚುನಾವಣೆಯಲ್ಲಿ ಎರಡು ವೋಟಿನಿಂದ ಸೋತವರಿಗೆ ಆ ಸಂಕಟ ಅರ್ಥವಾದೀತು.

ನಮ್ಮ ಭಾಗದಲ್ಲಿ ಮಳೆ ಹೊಳವಾದ ದಿನ ಬೆಳಿಗ್ಗೆ ಮರಗಳ ತಲೆಯ ಮೇಲೆ ಗಾಳಿಯಲ್ಲಿ ತೇಲಿದಂತೆ ಇದು ಹೋಗುವುದನ್ನು ತಾವೆಲ್ಲ ನೋಡಿಯೇ ಇದ್ದೀರಿ. ಹಸಿವಾದರೆ ಕೆಳಗಿಳಿದು ಅಂಗಳದ ಕೇಪಳಕ್ಕೋ ಬೇಲಿಯ ಲಂಟಾನಕ್ಕೋ ಬರುತ್ತದೆ. ಹೂವಿನ ಮೇಲೆ ಕುಳಿತಾಗಲೂ ಮುಂದಿನ ರೆಕ್ಕೆ ಬಡಿಯುವುದನ್ನು ನಿಲ್ಲಿಸುವುದಿಲ್ಲ. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇದು ಇಲ್ಲ.

ಇದರ ಹುಳ ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಒಂದೆರಡು ಹತ್ತಿರದ ನೆಂಟರನ್ನು ಮಾತ್ರ. ನಮ್ಮ ಹಿರಿಯರು ಹಾವು ಕಚ್ಚಿದರೆ ಬೇರು ಅರೆದು ಕುಡಿಸುತ್ತಿದ್ದರಲ್ಲ, ಅದೇ ಬಳ್ಳಿ. (ಈಗ ಯಾರೂ ಆ ಕೆಲಸ ಮಾಡಬೇಡಿ. ಅದರಲ್ಲಿರುವ ವಿಷ ಮೂತ್ರಪಿಂಡವನ್ನು ಕೆಡಿಸುತ್ತದೆ. ಹಾವು ಕಚ್ಚಿದರೆ ಜೀಪು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.) ನಮಗೆ ವಿಷವಾದದ್ದು ಈ ಹುಳಕ್ಕೆ ಅನ್ನ. ಎಲೆಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಬೆಳೆಯುತ್ತದೆ; ಆ ವಿಷ ಚಿಟ್ಟೆಯಾದ ಮೇಲೂ ಉಳಿಯುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಆದ್ದರಿಂದಲೇ ಅದಕ್ಕೆ ಅಡಗುವ ಅಗತ್ಯವಿಲ್ಲ. ಕಪ್ಪು ಮಿಶ್ರಿತ ಕೆಂಪು ಮೈ, ಬೆನ್ನ ತುಂಬ ಮಾಂಸದ ಮುಳ್ಳಿನಂಥ ಗುಬಟುಗಳು, ನಡುವೆ ಒಂದು ಬಿಳಿ ಪಟ್ಟೆ. ನಡುಹಗಲಿನಲ್ಲಿ ಎಲೆಯ ಮೇಲೆ ಕುಳಿತು ಎಲ್ಲರ ಎದುರಿಗೇ ತಿನ್ನುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಬೇಲಿ ಅಂಚಿನ ಹಳು ಕೊಚ್ಚುತ್ತಿದ್ದ ಆಳು ಅಂಥ ಒಂದು ಹುಳವನ್ನು ಕಂಡು "ಬೋರರ್ ಹುಳ ಸಿಕ್ತು ಅಯ್ಯಾ" ಎಂದು ಕತ್ತಿ ಎತ್ತಿದ. ರಜೆಗೆ ಬಂದಿದ್ದ ಮೊಮ್ಮಗಳು ಕೂಗಿಕೊಂಡಳು. ಅವಳು ಶಾಲೆಯ ಪಟದಲ್ಲಿ ಅದನ್ನು ನೋಡಿದ್ದಳಂತೆ. ಅರವತ್ತು ವರ್ಷ ಇದೇ ತೋಟದಲ್ಲಿ ಓಡಾಡಿದ ನನಗೆ ಅದರ ಪರಿಚಯ ಇರಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಮೇಲೆ ಹಾರುವ ಚಿಟ್ಟೆಯನ್ನು ನೂರು ಸಲ ನೋಡಿದ್ದೆ. ಕೆಳಗಿನ ಹುಳಕ್ಕೂ ಅದಕ್ಕೂ ಇರುವ ಸಂಬಂಧ ಗೊತ್ತಿರಲಿಲ್ಲ.

ಇನ್ನು ಎರಡನೆಯವರು. ಇಲಾಖೆಯವರು ಬಿಳಿ ಕಾಂಡ ಕೊರಕ ಎನ್ನುತ್ತಾರೆ; ನಮಗೆ ಬೋರರ್ ಎಂದರೆ ಸಾಕು. ಹಾರುವ ದುಂಬಿಯನ್ನು ನಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ಕಂಡಿಲ್ಲ. ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಸಪೂರ ಪ್ರಾಣಿ, ಕಪ್ಪು ಮೈಮೇಲೆ ಬೂದಿ ಬಳಿದಂಥ ಬಿಳಿ ಗೆರೆಗಳು. ವರ್ಷಕ್ಕೆ ಎರಡು ಸಲ ಹೊರಗೆ ಬರುತ್ತದೆ: ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಕಳೆದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ಬಿಸಿಲು ಚುರುಕಾದಾಗ ಕಾಂಡದ ಮೇಲೆ ಸರಸರ ಓಡಾಡುತ್ತದೆ. ಹೆಣ್ಣು ದುಂಬಿ ಬಿರುಕು ಬಿಟ್ಟ ತೊಗಟೆಯ ಸಂದಿಗಳಲ್ಲಿ ಐವತ್ತರಿಂದ ನೂರು ಮೊಟ್ಟೆ ಇಡುತ್ತದೆ. ಎಂಟು ಹತ್ತು ದಿನದಲ್ಲಿ ಮೊಟ್ಟೆ ಒಡೆದು ಮರಿಹುಳ ತೊಗಟೆಯ ಅಡಿಗೆ ಸೇರುತ್ತದೆ. ಕೆಲಕಾಲ ಅಲ್ಲೇ ತಿಂದು ಆಮೇಲೆ ಗಟ್ಟಿ ಮರವನ್ನು ಕೊರೆಯುತ್ತ ಒಳಗೆ ಹೋಗುತ್ತದೆ. ಅಲ್ಲಿಂದ ಮುಂದೆ ಒಂಬತ್ತು ಹತ್ತು ತಿಂಗಳು ಅದು ಲೋಕದ ಕಣ್ಣಿಗೆ ಬೀಳುವುದಿಲ್ಲ. ಕೊರೆದ ದಾರಿಯನ್ನು ತನ್ನದೇ ಹಿಕ್ಕೆ ಪುಡಿಯಿಂದ ಹಿಂದಿನಿಂದ ಬಿಗಿಯಾಗಿ ಮುಚ್ಚಿಕೊಂಡು ಹೋಗುವುದರಿಂದ ಹೊರಗೆ ಒಂದು ಚಿಟಿಕೆ ಪುಡಿಯೂ ಬೀಳುವುದಿಲ್ಲ. ಕಾಂಡದ ಮೇಲೆ ಉಬ್ಬು ಗೆರೆ ಎದ್ದು, ಎಲೆ ಹಳದಿಗೆ ತಿರುಗಿ ಬಾಡಿದಾಗ ಮಾತ್ರ ನಮಗೆ ಅನುಮಾನ ಬರುತ್ತದೆ. ಎಳೆ ಗಿಡವಾದರೆ ಅಷ್ಟರಲ್ಲಿ ಅದರ ಕಥೆ ಮುಗಿದಿರುತ್ತದೆ. ಹಳೆ ಗಿಡ ನಾಲ್ಕಾರು ವರ್ಷ ನರಳುತ್ತ, ಫಸಲು ಕಡಿಮೆ ಮಾಡುತ್ತ ನಿಲ್ಲುತ್ತದೆ. ಇದು ಇನ್ನೂ ಕೆಟ್ಟದ್ದು, ಏಕೆಂದರೆ ಆ ಗಿಡವನ್ನು ಕೀಳಲು ನಮಗೆ ಮನಸ್ಸು ಬರುವುದಿಲ್ಲ. "ಈ ವರ್ಷ ಹಣ್ಣು ಕುಯ್ದು ಆಮೇಲೆ ನೋಡೋಣ" ಎಂದು ಬಿಡುತ್ತೇವೆ. ಹಣ್ಣು ಕುಯ್ಯುವ ಹೊತ್ತಿಗೆ ದುಂಬಿ ಹಾರಿ ಹೋಗಿ ಪಕ್ಕದ ಹತ್ತು ಗಿಡ ಹಿಡಿದಿರುತ್ತದೆ.

ಇಷ್ಟು ಓದಿದವರು, ಚಿಟ್ಟೆಯ ಕುಲ ಒಳ್ಳೆಯದು, ದುಂಬಿಯ ಕುಲ ಕೆಟ್ಟದ್ದು ಎಂದುಕೊಂಡರೆ ಅದೂ ಸರಿಯಲ್ಲ. ಕಾಫಿಯಲ್ಲಿ ಕೆಂಪು ಕಾಂಡ ಕೊರಕ ಎಂದು ಇನ್ನೊಂದಿದೆ, ಬುಡದಲ್ಲಿ ಗುಳಿಗೆ ಗುಳಿಗೆಯಾಗಿ ಹಿಕ್ಕೆ ಉದುರಿಸುತ್ತದೆ ನೋಡಿ, ಅದು ಪತಂಗದ ಮರಿ. ಅಂದರೆ ಚಿಟ್ಟೆಯ ದಾಯಾದಿ. ಅಡಿಕೆ ತೋಟದ ಸೋಗೆಯಲ್ಲಿ ಹಸಿರು ಹುಳವಾಗಿ ಬೆಳೆಯುವ ಪಾಮ್‌ಫ್ಲೈ ಎಂಬ ಕಂದು ಚಿಟ್ಟೆ ಇದೆ. ಅದು ಅಡಿಕೆ, ತೆಂಗು, ಬಗನಿ, ಬೆತ್ತ ಎಲ್ಲವನ್ನೂ ತಿನ್ನುತ್ತದೆ. ನಷ್ಟ ಎನ್ನುವಷ್ಟು ಇಲ್ಲದಿರುವುದರಿಂದ ನಾವು ಸುಮ್ಮನಿದ್ದೇವೆ. ತೋಟದ ಕಿತ್ತಳೆ ಮರದ ಎಳೆ ಚಿಗುರನ್ನು ಬೋಳು ಮಾಡುವುದೂ ಚಿಟ್ಟೆಯ ಹುಳವೇ. ಇತ್ತ ದುಂಬಿಯ ಕುಲದಲ್ಲಿ, ಅಡಿಕೆಯ ಬೇರು ತಿನ್ನುವ ಹುಳದ ದುಂಬಿಯೂ ತೆಂಗಿನ ಸುಳಿ ಕೊರೆಯುವ ಕುರುವಾಯಿಯೂ ಇರುವಂತೆಯೇ, ಹಿಟ್ಟು ತಿಗಣೆಯನ್ನು ತಿಂದು ಕಾಫಿಯನ್ನು ಉಳಿಸುವ ಗುಲಗಂಜಿ ದುಂಬಿಯೂ ಇದೆ. ಕ್ರಿಪ್ಟೊಲೀಮಸ್ ಎಂಬ ಆ ದುಂಬಿಯನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ಇಲ್ಲಿಗೆ ತಂದರು. ಇವತ್ತಿಗೂ ಅದನ್ನು ಸಾಕಿ ತೋಟಗಳಿಗೆ ಬಿಡುತ್ತಾರೆ. ಕುಲ ನೋಡಿ ಮಿತ್ರ ಶತ್ರು ಎಂದು ತೀರ್ಮಾನಿಸುವ ಚಟ ಮನುಷ್ಯರ ವಿಷಯದಲ್ಲೇ ಸಾಕಷ್ಟು ಹಾನಿ ಮಾಡಿದೆ, ಹುಳಗಳಿಗೂ ಹಬ್ಬಿಸುವುದು ಬೇಡ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನ್ನ ಪ್ರಕಾರ ಅದು ಹುಳದಲ್ಲಿಲ್ಲ, ಊಟದ ಎಲೆ ಹಾಕಿದವರಲ್ಲಿದೆ. ಕಾನಿನಲ್ಲಿ ಈಶ್ವರಿ ಬಳ್ಳಿ ಒಂದು ಇಲ್ಲಿ, ಇನ್ನೊಂದು ಫರ್ಲಾಂಗು ಆಚೆ. ಹೆಣ್ಣು ಚಿಟ್ಟೆ ಬೆಳಗಿನಿಂದ ಅಲೆದು ಬಳ್ಳಿ ಹುಡುಕಿ ಒಂದೊಂದೇ ಮೊಟ್ಟೆ ಇಟ್ಟು ಮುಂದೆ ಹೋಗಬೇಕು. ಒಂದು ಬಳ್ಳಿ ನಾಲ್ಕು ಹುಳಕ್ಕಿಂತ ಹೆಚ್ಚು ಸಾಕಲಾರದು. ಊಟದ ಅಭಾವವೇ ಅದರ ಸಂಖ್ಯೆಗೆ ಕಡಿವಾಣ. ನಾಳೆ ನಮ್ಮಲ್ಲಿ ಯಾರಾದರೂ ಔಷಧಿ ಕಂಪನಿಯ ಮಾತು ಕೇಳಿ ಎರಡು ಎಕರೆ ಈಶ್ವರಿ ಬಳ್ಳಿಯ ತೋಟ ಮಾಡಿದರೆನ್ನಿ. ಮೂರನೆಯ ವರ್ಷ ಅದೇ ಮಹಾಸಭೆಯಲ್ಲಿ ಎದ್ದು ನಿಂತು "ಈ ಹಾಳು ರಾಜ್ಯ ಚಿಟ್ಟೆಗೆ ಯಾವ ಔಷಧಿ ಹೊಡೆಯಬೇಕು" ಎಂದು ಕೇಳುವವರು ಅವರೇ.

ಬೋರರಿನ ಕಥೆ ಇದಕ್ಕೆ ತಿರುಗುಮುರುಗು. ಬಾಬಾಬುಡನ್‌ಗಿರಿಗೆ ಕಾಫಿ ಬರುವ ಮೊದಲೂ ಈ ದುಂಬಿ ನಮ್ಮ ಕಾಡಿನಲ್ಲಿ ಇದ್ದದ್ದೇ. ಹೊರಗಿನಿಂದ ಬಂದದ್ದು ಕಾಫಿ, ಬೋರರ್ ಅಲ್ಲ. ಕಾಡಿನ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಎಂದು ಬಡತನದಲ್ಲಿ ಬದುಕುತ್ತಿದ್ದ ಪ್ರಾಣಿಗೆ ನಾವು ಎಕರೆಗಟ್ಟಲೆ ಒಂದೇ ಜಾತಿಯ ಗಿಡವನ್ನು ಭುಜಕ್ಕೆ ಭುಜ ತಾಗಿಸಿ ನೆಟ್ಟು, ಮೇಲಿನ ಮರ ಕಡಿದು ಬಿಸಿಲೂ ಬಿಟ್ಟು, ಬಾಳೆ ಎಲೆ ಹಾಕಿ ಬಡಿಸಿದೆವು.

ಇದು ಇಂದು ನಿನ್ನೆ ಆದದ್ದಲ್ಲ. 1860ರ ದಶಕದಲ್ಲಿ ಕೊಡಗಿನ ತೋಟಗಳು ಬೋರರಿಗೆ ಸಿಕ್ಕಿ ನೆಲಸಮವಾದವು. ಕಾಡನ್ನು ಬುಡಸಹಿತ ಸವರಿ, ಸಿಂಹಳದ ರೀತಿಯಲ್ಲಿ ನೆರಳೇ ಇಲ್ಲದೆ ಕಾಫಿ ಹಾಕುವುದು ಆಗಿನ ಹೊಸ ದೊರೆಗಳ ಫ್ಯಾಷನ್ ಆಗಿತ್ತು. ಗೋಳು ಹೆಚ್ಚಾದ ಮೇಲೆ ಮದರಾಸು ಸರ್ಕಾರದ ವೈದ್ಯಾಧಿಕಾರಿ ಜಾರ್ಜ್ ಬಿಡೀ ಎಂಬವರು ತೋಟ ತೋಟ ಸುತ್ತಿ, 1869ರಲ್ಲಿ ಬೋರರಿನ ಹಾವಳಿಯ ಬಗ್ಗೆಯೇ ಒಂದು ವರದಿ ಅಚ್ಚು ಹಾಕಿಸಿದರು. ತೋಟಕ್ಕೆ ನೆರಳು ಕೊಡಿ ಎಂಬುದು ಅವರ ಸಲಹೆಯ ಮುಖ್ಯ ಅಂಶ. ಒಂದೂವರೆ ಶತಮಾನ ಕಳೆದಿದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರದವರು ಹೇಳುತ್ತಿರುವ ಮಾತಿನ ಮೊದಲ ವಾಕ್ಯವೂ ಅದೇ. ಆದ್ದರಿಂದ ಹಿರಿಯ ಸದಸ್ಯರ ಕ್ಷಮೆ ಕೋರಿ ಹೇಳುತ್ತೇನೆ, ಬೋರರಿಗೆ ಏನೂ ಮಾಡಿಲ್ಲ ಎನ್ನುವುದು ಸರಿಯಲ್ಲ. ಹೇಳಿದ್ದನ್ನು ನಾವು ಕೇಳಿಲ್ಲ ಎಂದರೆ ಹೆಚ್ಚು ಸರಿಯಾದೀತು.

ಕೇಳದವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಬರೆಯಿರಿ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಸುಟ್ಟುಹೋಯಿತು. ಇಲ್ಲಿ ನಮಗೆ ದರದ ಹಬ್ಬ. ಮರುವರ್ಷ ನಮ್ಮ ಮನೆಯ ಪಡುವಲ ಬರೆಯ ಎರಡೂವರೆ ಎಕರೆಯಲ್ಲಿ ಅಜ್ಜನ ಕಾಲದ ಕಾಫಿ ಕಿತ್ತು ಹೊಸದಾಗಿ ಕಾವೇರಿ ತಳಿ ಹಾಕುವುದೆಂದು ಹೊರಟೆ. ಗಿಡ್ಡ ಗಿಡ, ಒತ್ತೊತ್ತಾಗಿ ಕೂರಿಸಬಹುದು, ಮೂರನೆಯ ವರ್ಷಕ್ಕೇ ಫಸಲು. ಆ ಬರೆಯಲ್ಲಿ ಎರಡು ಗೋಣಿ ಮರ, ಒಂದು ಬಸರಿ, ನಾಲ್ಕೈದು ನಂದಿ, ಮತ್ತಿ ಮತ್ತು ಹಲಸು ಇದ್ದವು. ಟಿಂಬರಿನವರು ಬಂದು ಅಳೆದು ಹೇಳಿದ ಮೊತ್ತ ಕೇಳಿ ನನ್ನ ತಲೆ ತಿರುಗಿತು. ಮಗಳ ಮದುವೆಯೂ ಎದುರಿಗಿತ್ತು. ಅಪ್ಪಯ್ಯ ಆಗ ಜಗಲಿಯ ಮೇಲಿನ ಆರಾಮ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅಲ್ಲಿಂದಲೇ, "ಪಡುವಲ ಬಿಸಿಲು ಗಿಡದ ಬುಡಕ್ಕೆ ಬೀಳಬಾರದು ಕಣೋ. ಕಡಿಯುವುದಾದರೆ ಮೂಡಲ ಕಡೆ ನೋಡು" ಎಂದರು. ಹಳೆ ಕಾಲದವರ ಮಾತೆಂದು ನಾನು ತಲೆಯಾಡಿಸಿ ಸುಮ್ಮನಾದೆ. ಪರ್ಮಿಟ್ ಬಂತು, ಮರ ಹೋಯಿತು. ಅವುಗಳ ಜಾಗಕ್ಕೆ ಸಿಲ್ವರ್ ಓಕ್ ಹಾಕಿದೆ.

ಮೊದಲ ಫಸಲು ನೋಡಿದವರು ಹೊಟ್ಟೆಕಿಚ್ಚು ಪಟ್ಟರು. ಆರನೆಯ ವರ್ಷ ಬರೆಯ ನೆತ್ತಿಯಲ್ಲಿ ಹತ್ತು ಗಿಡ ಹಳದಿಯಾದವು. ಗೊಬ್ಬರ ಸಾಲದು ಎಂದು ಗೊಬ್ಬರ ಹಾಕಿಸಿದೆ. ಅಷ್ಟರಲ್ಲಿ 2001–02ರ ಹೊತ್ತಿಗೆ ದರ ನೆಲಕಚ್ಚಿತು. ಕುಯ್ಲಿನ ಕೂಲಿಯೇ ಹುಟ್ಟದ ಕಾಲ. ಟ್ರೇಸಿಂಗ್ ಮಾಡಿಸುವವರು ಯಾರು? ಒಣಗಿದ ಗಿಡಗಳನ್ನು ಮಾತ್ರ ಕಿತ್ತು, ಒಳ್ಳೆಯ ಸೌದೆಯಾಯಿತಲ್ಲ ಎಂದು ಬಚ್ಚಲಿನ ಹಿಂದೆ ಒಟ್ಟಿಸಿದೆ. ಇದು ನಾನು ಮಾಡಿದ ಅತಿ ದೊಡ್ಡ ತಪ್ಪು. ಗಿಡ ಸತ್ತರೂ ಒಳಗಿನ ಹುಳ ಸತ್ತಿರುವುದಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಸೌದೆಯ ಕಾಂಡಗಳ ಮೇಲೆ ಪೆನ್ಸಿಲಿನ ತುದಿ ಹೋಗುವಂಥ ದುಂಡನೆಯ ತೂತುಗಳು ನೂರಾರು ಕಂಡವು. ಅವು ಹೊರಟದ್ದು ಎಲ್ಲಿಗೆ ಎಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷದಲ್ಲಿ ಪಡುವಲ ಬರೆಯಲ್ಲಿ ಕಾಫಿ ಎನ್ನುವುದು ಉಳಿಯಲಿಲ್ಲ. ಅದೇ ಸಾಲಿನ ಮೂಡಲ ಇಳಿಜಾರಿನಲ್ಲಿ ಹಳೆಯ ಅತ್ತಿ, ಹಾಲುವಾಣದ ಕೆಳಗೆ ಎಸ್. 795 ಗಿಡಗಳು ಅಲ್ಲೊಂದು ಇಲ್ಲೊಂದು ಸತ್ತರೂ ಇವತ್ತಿಗೂ ಫಸಲು ಕೊಡುತ್ತಿವೆ. ಅಪ್ಪಯ್ಯ ಬೋಳು ಬರೆಯನ್ನು ನೋಡಲು ಉಳಿದಿರಲಿಲ್ಲ. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದಾಯಿತು.

ಔಷಧಿಯ ವಿಚಾರ ಕೇಳುವವರಿಗೆ ಒಂದು ಮಾತು. ನಾವು ಮೊದಲು ಬಿ.ಎಚ್.ಸಿ. ಬಳಿದೆವು, 1997ರಲ್ಲಿ ಅದು ನಿಷೇಧವಾಯಿತು. ಆಮೇಲೆ ಲಿಂಡೇನ್ ಬಳಿದೆವು, 2013ರಲ್ಲಿ ಅದೂ ಹೋಯಿತು. ಎರಡೂ ಹೋದದ್ದಕ್ಕೆ ನನಗೆ ದುಃಖವಿಲ್ಲ. ಬಕೆಟ್ಟು ಹಿಡಿದು ಬರಿಗೈಯಲ್ಲಿ ಬಳಿದ ಆಳುಗಳ ಮುಖ ನೆನಪಿದೆ. ಒಳಗೆ ಸೇರಿದ ಹುಳಕ್ಕೆ ಹೊರಗಿನಿಂದ ಹೊಡೆಯುವ ಯಾವ ಔಷಧಿಯೂ ತಲುಪುವುದಿಲ್ಲ ಎಂಬುದು ಆಗಲೂ ನಿಜ, ಈಗಲೂ ನಿಜ. ಮೊಟ್ಟೆಗೆ ಜಾಗ ಸಿಗದಂತೆ ನೋಡಿಕೊಳ್ಳುವುದೇ ದಾರಿ. ಹಾರಾಟಕ್ಕೆ ಮೊದಲು ಬುಡದ ಕಾಂಡ ಮತ್ತು ದಪ್ಪ ಕೊಂಬೆಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯುವುದು (ಕತ್ತಿಯಿಂದ ಕೆರೆಯಬೇಡಿ, ಹಸಿ ತೊಗಟೆಗೆ ಗಾಯವಾಗುತ್ತದೆ), ಇಲ್ಲವೇ 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಕಲಸಿ ಕಾಂಡಕ್ಕೆ ಹೊಡೆಯುವುದು. ಗಂಡು ದುಂಬಿ ಸೂಸುವ ವಾಸನೆಯನ್ನೇ ಲ್ಯಾಬೊರೇಟರಿಯಲ್ಲಿ ತಯಾರಿಸಿ ಹೆಣ್ಣನ್ನು ಮೋಸಗೊಳಿಸುವ ಬಲೆಗಳೂ ಇವೆ, ಎಕರೆಗೆ ಹತ್ತು ಬೇಕು. ನಾನು ಕಟ್ಟಿ ನೋಡಿದ್ದೇನೆ. ಬಿದ್ದವು. ಆದರೆ ಬಲೆ ಕಟ್ಟಿದೆನೆಂದು ಟ್ರೇಸಿಂಗ್ ಬಿಟ್ಟವರು ಕೆಟ್ಟರು.

ಈಗ ಈ ಹಳೆಯ ಕಥೆಯನ್ನು ಬರೆಯಲು ಕಾರಣ ಹೇಳಬೇಕು. 2024ರಲ್ಲಿ ರೊಬಸ್ಟಾ ದರ ಯಾರೂ ಕಾಣದ ಮಟ್ಟಕ್ಕೆ ಏರಿತು. ಅರೇಬಿಕಾವೂ ಹಿಂದೆ ಬೀಳಲಿಲ್ಲ. ನನಗೆ 1994 ನೆನಪಾಯಿತು. ನಮ್ಮ ಸುತ್ತಲಿನ ಹಾಡ್ಯಗಳಲ್ಲಿ ಮತ್ತೆ ಗರಗಸದ ಸದ್ದು ಕೇಳುತ್ತಿದೆ. ಮರಗಸಿಯ ಹೆಸರಿನಲ್ಲಿ ಮರವನ್ನೇ ಬೋಳಿಸುವುದು, ಗೋಣಿ, ಬಸರಿ ತೆಗೆದು ಸಿಲ್ವರ್ ಕೂರಿಸುವುದು, ಮೆಣಸು ಹಬ್ಬಿಸಲು ಸಿಲ್ವರೇ ಸಾಕೆನ್ನುವುದು. ಬೋರರಿನ ಕಾಟವೇ ಬೇಡ, ರೊಬಸ್ಟಾ ಹಾಕಿಬಿಡೋಣ ಎನ್ನುವವರೂ ಇದ್ದಾರೆ. ರೊಬಸ್ಟಾವನ್ನು ಬೋರರ್ ಬಹುಮಟ್ಟಿಗೆ ಮುಟ್ಟುವುದಿಲ್ಲ ಎಂಬುದು ಸತ್ಯ. ಹೂವಿಗೆ ಸರಿಯಾದ ಹೊತ್ತಿಗೆ ಸ್ಪ್ರಿಂಕ್ಲರ್ ಹಾಯಿಸಲು ಕೆರೆಯಲ್ಲಿ ನೀರಿದ್ದವರು, ತಗ್ಗಿನ ತೋಟದವರು ಹಾಕಲಿ, ನನ್ನ ತಕರಾರಿಲ್ಲ. ಆದರೆ ಎತ್ತರದ ಬರೆಯಲ್ಲಿ, ಎರಡು ಮೂರು ಎಕರೆಯಲ್ಲಿ, ಮಳೆಯನ್ನೇ ನಂಬಿ ಅರೇಬಿಕಾ ಮಾಡುವ ನಮ್ಮಂಥವರಿಗೆ ನೆರಳು ಬಿಟ್ಟರೆ ಬೇರೆ ಇನ್ಶೂರೆನ್ಸ್ ಇಲ್ಲ.

ನೆರಳು ಎಂದ ಕೂಡಲೆ ಕತ್ತಲೆ ಎಂದು ತಿಳಿಯಬೇಡಿ. ನೆರಳು ದಟ್ಟವಾದರೆ ಮಳೆಗಾಲದಲ್ಲಿ ಕಾಫಿಗೆ ಕೊಳೆ ಬರುತ್ತದೆ, ಹೂವು ಕಡಿಮೆಯಾಗುತ್ತದೆ. ಅಡಿಕೆಯಲ್ಲಿ ಕೊಳೆರೋಗ ಕಂಡ ನಮಗೆ ಒದ್ದೆ ಕತ್ತಲೆಯ ಗುಣ ಗೊತ್ತು. ಕೆಳಗೆ ಹಾಲುವಾಣ, ಮೇಲೆ ಅತ್ತಿ, ಗೋಣಿ, ಹಲಸಿನಂಥ ಕಾಡುಮರ, ನಡುವೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುವಂತೆ ವರ್ಷ ವರ್ಷ ಮರಗಸಿ, ದಕ್ಷಿಣ ಮತ್ತು ಪಡುವಲ ಮೈಗೆ ಒಂದು ಕೈ ಹೆಚ್ಚು ನೆರಳು. ನಮ್ಮ ಅಜ್ಜಂದಿರು ಪುಸ್ತಕ ಓದದೆ ಮಾಡಿದ್ದು ಇದನ್ನೇ.

ಇಲ್ಲಿ ಚಿಟ್ಟೆಯ ಮಾತಿಗೆ ಮರಳುತ್ತೇನೆ. ಬರ್ಡ್‌ವಿಂಗ್ ಹಾರುವ ತೋಟದಲ್ಲಿ ಬೋರರ್ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನನ್ನ ಮೂಡಲ ಇಳಿಜಾರಿನಲ್ಲಿ ಎರಡೂ ಇವೆ. ಚಿಟ್ಟೆ ಬೋರರನ್ನು ತಿನ್ನುವುದೂ ಇಲ್ಲ, ಓಡಿಸುವುದೂ ಇಲ್ಲ, ಅದರಿಂದ ನಮಗೆ ಚಿಕ್ಕಾಸಿನ ಲಾಭವಿಲ್ಲ. ಆದರೆ ಅದಕ್ಕೆ ಬೇಕಾದದ್ದೇನು ನೋಡಿ: ಮೇಲೆ ದೊಡ್ಡ ಮರ, ಬೇಲಿಯಲ್ಲಿ ಒಂದಿಷ್ಟು ಹಳು, ಬಳ್ಳಿ ಹಬ್ಬಲು ಒಂದು ಪೊದೆ. ಬೋರರ್ ಸೊಕ್ಕುವುದಕ್ಕೆ ಬೇಕಾದದ್ದು ಇದರ ವಿರುದ್ಧ: ಮೇಲೆ ಬೋಳು, ಕೆಳಗೆ ಒಂದೇ ಗಿಡ. ನನ್ನ ಪಡುವಲ ಬರೆಯಲ್ಲಿ ಮರ ಹೋದ ವರ್ಷವೇ ಚಿಟ್ಟೆಯೂ ಹೋಗಿತ್ತು. ಆಗ ಅದನ್ನು ಗಮನಿಸುವಷ್ಟು ವ್ಯವಧಾನ ನನಗಿರಲಿಲ್ಲ. ಗಮನಿಸಿದ್ದರೆ ಗಿಡ ಹಳದಿಯಾಗುವ ಆರು ವರ್ಷ ಮೊದಲೇ ಒಂದು ನೋಟೀಸು ಸಿಕ್ಕಿದಂತಾಗುತ್ತಿತ್ತು.

ಸಂಘದ ಆಡಳಿತ ಮಂಡಳಿಗೂ ಸದಸ್ಯರಿಗೂ ಒಂದೆರಡು ಅರಿಕೆ. ದುಂಬಿಗೆ ಸರ್ವೆ ನಂಬರ್ ಗೊತ್ತಿಲ್ಲ. ನಾನೊಬ್ಬ ಟ್ರೇಸಿಂಗ್ ಮಾಡಿ ಸುಟ್ಟು, ನೆರೆಯವರು ಮಾಡದಿದ್ದರೆ ನನ್ನ ಕೂಲಿ ಹೊಳೆಗೆ ಹಾಕಿದಂತೆ. ಆದ್ದರಿಂದ ಮಾರ್ಚಿನಲ್ಲೊಂದು, ಸೆಪ್ಟೆಂಬರಿನಲ್ಲೊಂದು ವಾರವನ್ನು ಸಂಘವೇ ಗೊತ್ತುಮಾಡಿ, ಊರಿಗೆ ಊರೇ ಒಂದೇ ಸಲ ಗಿಡ ನೋಡಿ, ಹುಳ ಹಿಡಿದದ್ದನ್ನು ಬುಡಸಮೇತ ಕಿತ್ತು ಅದೇ ದಿನ ಸುಡುವಂತಾಗಬೇಕು. ಸೌದೆಗೆಂದು ಯಾರೂ ಒಟ್ಟಬಾರದು. ಹೆಂಗಸರು ಬೈದರೆ ನನ್ನ ಬಚ್ಚಲಿನ ಕಥೆ ಹೇಳಿ. ಮಕ್ಕಳೆಲ್ಲ ಬೆಂಗಳೂರು ಸೇರಿ ಪಾಳು ಬಿದ್ದ ತೋಟಗಳದ್ದೇ ದೊಡ್ಡ ಸಮಸ್ಯೆ. ಅವರಿಂದ ಒಪ್ಪಿಗೆ ಪತ್ರ ತರಿಸಿಕೊಂಡು ಸಂಘದ ಖರ್ಚಿನಲ್ಲಿ ಕೀಳಿಸಿ, ಆಮೇಲೆ ಅವರ ಕಾಫಿಯ ಲೆಕ್ಕದಲ್ಲಿ ಹಿಡಿದುಕೊಳ್ಳಬಹುದು. ಕಾನೂನು ತೊಡಕಿದ್ದರೆ ಕಾರ್ಯದರ್ಶಿಗಳು ತಿಳಿಸಲಿ.

ಇನ್ನು ಬೇಲಿ ಸವರುವಾಗ, ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಈಶ್ವರಿ ಬಳ್ಳಿ ಕಂಡರೆ ಆಳುಗಳಿಗೆ ತೋರಿಸಿ ಬಿಡಲು ಹೇಳಿ. ಇದಕ್ಕೆ ಖರ್ಚಿಲ್ಲ. ಸಬ್ಸಿಡಿಯೂ ಇಲ್ಲ, ಅರ್ಜಿ ಹಾಕಬೇಡಿ.

ನಮ್ಮ ಕಡೆಯ ಹನ್ನೊಂದು ಮನೆಯವರು ಬರುವ ಮಾರ್ಚ್ ಮೊದಲ ವಾರ ಒಟ್ಟಿಗೆ ಟ್ರೇಸಿಂಗ್ ಮಾಡುವುದೆಂದು ಮಾತಾಗಿದೆ. ಹನ್ನೆರಡನೆಯವರು ಊರಲ್ಲಿಲ್ಲ. ಅವರ ಗೇಟಿನ ಬೀಗದ ಕೈ ನಮ್ಮ ಮನೆಯ ಗೂಡಿನಲ್ಲಿದೆ. ಫೋನ್ ಮಾಡಿ ಒಪ್ಪಿಗೆ ಕೇಳಿದ್ದೇನೆ, ಮಗನನ್ನು ವಿಚಾರಿಸಿ ಹೇಳುತ್ತೇನೆ ಎಂದಿದ್ದಾರೆ. ಪಡುವಲ ಬರೆಯಲ್ಲಿ ಎರಡು ಮಳೆಗಾಲದ ಹಿಂದೆ ನೆಟ್ಟ ಗೋಣಿ ಕೊಂಬೆಗಳು ಚಿಗುರಿವೆ. ಅವು ನೆರಳು ಕೊಡುವ ಹೊತ್ತಿಗೆ ಅಲ್ಲಿ ಕಾಫಿ ಹಾಕುವುದೋ ಬೇಡವೋ ಎಂದು ಮೊಮ್ಮಗಳು ತೀರ್ಮಾನಿಸಲಿ.

— ಒಬ್ಬ ಸದಸ್ಯ